ನೆಲದಡಿಯ ಕೇಬಲ್ಲಿಗೆ ಗಾಜಿನ ಎಳೆಯೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆ ಅಗೆದು ಹೈಟೆನ್ಷನ್ ಕೇಬಲ್ ಹೂಳುವಾಗ ಅದರ ಮೈಗೆ ತೆಳುವಾದ ಇನ್ನೊಂದು ಎಳೆಯನ್ನೂ ಕಟ್ಟುತ್ತಿದ್ದರು. ಬಿಸಿ ಅಳೆಯುವ ಆಪ್ಟಿಕಲ್ ಫೈಬರ್ ಎಂದರು. ಇಂಟರ್ನೆಟ್ ತರುವ ಎಳೆ ಬಿಸಿಯನ್ನು ಅಳೆಯುವುದು ಹೇಗೆ? ಇದರಿಂದ ವಿದ್ಯುತ್ ಉಳಿಯುವುದು ನಿಜವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಉಪಕೇಂದ್ರದಲ್ಲಿರುವ ಉಪಕರಣವು ಕೂದಲಿನಷ್ಟು ತೆಳುವಾದ ಆ ಗಾಜಿನೊಳಕ್ಕೆ ಲೇಸರ್ ಬೆಳಕನ್ನು ಚಿಕ್ಕ ಚಿಕ್ಕ ಮಿಡಿತಗಳಾಗಿ ಹಾಯಿಸುತ್ತದೆ. ದಾರಿಯುದ್ದಕ್ಕೂ ಅದರ ಅತ್ಯಲ್ಪ ಪಾಲು ಗಾಜಿನ ಅಣುಗಳಿಗೆ ತಾಗಿ, ಬಣ್ಣ ಬದಲಿಸಿಕೊಂಡು ಹಿಂದಕ್ಕೆ ಚದರುತ್ತದೆ. ಸಿ.ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡ ಪರಿಣಾಮವೇ ಇದು. 1933ರಿಂದ ಅವರು ನೆಲೆಸಿದ ನಿಮ್ಮ ಊರಿನ ರಸ್ತೆಯಡಿಯಲ್ಲೇ ಅದು ದುಡಿಯಲಿರುವುದು ನನಗೆ ಬಹಳ ಸಂತೋಷದ ಸಂಗತಿ. ಮರಳಿ ಬರುವ ಬೆಳಕಿನಲ್ಲಿ ಮೂಲಕ್ಕಿಂತ ಉದ್ದ ಅಲೆಯದೂ ಗಿಡ್ಡ ಅಲೆಯದೂ ಇರುತ್ತವೆ. ಗಾಜು ಬಿಸಿಯಾದಷ್ಟೂ ಗಿಡ್ಡ ಅಲೆಯ ಪಾಲು ಹೆಚ್ಚುವುದರಿಂದ, ಇವೆರಡರ ಅನುಪಾತದಿಂದ ತಾಪ ತಿಳಿಯುತ್ತದೆ. ಅದು ಯಾವ ಜಾಗದ ತಾಪ ಎಂಬುದನ್ನು ಬೆಳಕು ಮರಳಲು ಹಿಡಿದ ಸಮಯದಿಂದ ಲೆಕ್ಕ ಹಾಕುತ್ತಾರೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಮೀಟರ್ ದೂರ ಹೋಗಿಬರಲು ಅದಕ್ಕೆ 10 ನ್ಯಾನೊಸೆಕೆಂಡ್ ಸಾಕು. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ಪಕ್ಕದ ಕೇಬಲ್ಲಿನ ಕಾಂತಕ್ಷೇತ್ರದಿಂದ ಈ ಅಳತೆ ಕೆಡುವುದಿಲ್ಲ.

ಇನ್ನು ಉಳಿತಾಯದ ಮಾತು. ಎಳೆ ತಾನಾಗಿ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಆದರೆ ತಾಮ್ರದ ತಂತಿ 50 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ, ಅಷ್ಟೇ ಕರೆಂಟು ಹರಿದರೂ ನಷ್ಟ ಸುಮಾರು ಶೇಕಡ 14ರಷ್ಟು ಹೆಚ್ಚುತ್ತದೆ. ಇಂದಿನ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯ) ಕೇಬಲ್ಲುಗಳು ಸತತವಾಗಿ ತಾಳಬಲ್ಲ ಮಿತಿಯೂ ಆ 90 ಡಿಗ್ರಿಯೇ. ಮಣ್ಣು ಒಣಗಿದಲ್ಲಿ ಅಥವಾ ಇನ್ನೊಂದು ಕೇಬಲ್ ಅಡ್ಡಹಾಯ್ದಲ್ಲಿ ಶಾಖ ಸುಲಭವಾಗಿ ಹೊರಹೋಗದೆ ನಿಲ್ಲುತ್ತದೆ, ಮತ್ತು ಅಂಥ ಹತ್ತಡಿ ಜಾಗವೇ ಇಡೀ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಅದು ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಇಂಜಿನಿಯರುಗಳು ಅಂದಾಜಿನ ಮೇಲೆ ಹೊರೆಯನ್ನು ತಗ್ಗಿಸಿ, ಉಳಿದದ್ದನ್ನು ಬೇರೆ ಮಾರ್ಗಗಳ ಮೇಲೆ ಹೇರಬೇಕಾಗುತ್ತದೆ. ನಷ್ಟವು ಕರೆಂಟಿನ ವರ್ಗಕ್ಕೆ ತಕ್ಕಂತೆ (ಕರೆಂಟು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು) ಏರುವುದರಿಂದ ಈ ಹಂಚಿಕೆ ಸಣ್ಣ ವಿಷಯವಲ್ಲ: ಒಂದೇ ಕೇಬಲ್ ಹೊತ್ತ ಹೊರೆಯನ್ನು ಅಂಥವೇ ಎರಡಕ್ಕೆ ಸಮನಾಗಿ ಹಂಚಿದರೆ ಒಟ್ಟು ನಷ್ಟ ಅರ್ಧಕ್ಕಿಳಿಯುತ್ತದೆ. ತಾಪ ಗೊತ್ತಿದ್ದರೆ ಹಾಗೆ ಹಂಚಲು ಧೈರ್ಯ ಬರುತ್ತದೆ.

ನೀವು ಕಂಡ ಎಳೆ ಕೇಬಲ್ಲಿನ ಹೊರಮೈಗೆ ಕಟ್ಟಿದ್ದಾದ್ದರಿಂದ ಅದು ಅಳೆಯುವುದು ಹೊರಮೈಯ ಬಿಸಿಯನ್ನು; ಒಳಗಿನ ತಾಮ್ರದ ಬಿಸಿಯನ್ನು ಅದರಿಂದ ಲೆಕ್ಕ ಹಾಕಿಯೇ ತಿಳಿಯಬೇಕು. ಕಟ್ಟು ಸಡಿಲವಾಗಿ ಎಳೆ ದೂರ ಸರಿದರೆ ಆ ಲೆಕ್ಕವೂ ತಪ್ಪುತ್ತದೆ.