ಯಾರೂ ನೋಡದಿದ್ದರೂ ಬೇಕೆನಿಸುವುದು ಯಾವುದು?

ಆತ್ಮೀಯರೇ,

ನಿಮ್ಮ ದೀರ್ಘ ಪತ್ರದ ತಿರುಳು ಇಷ್ಟು. ವರ್ಷದ ಹಿಂದೆ ಸರಳವಾಗಿ ಬದುಕಬೇಕೆಂದು ತೀರ್ಮಾನಿಸಿದಿರಿ. ಕಾರು ಮಾರಿದಿರಿ, ಬೀರುವಿನ ಅರ್ಧ ಬಟ್ಟೆ ಕೊಟ್ಟುಬಿಟ್ಟಿರಿ, ಹಳೆಯ ಫೋನನ್ನೇ ಇಟ್ಟುಕೊಂಡಿರಿ. ಆದರೆ ನೆಮ್ಮದಿ ಬರಲಿಲ್ಲ. ಸಹೋದ್ಯೋಗಿಯೊಬ್ಬರು “ಇನ್ನೂ ಇದೇ ಫೋನಾ?” ಎಂದರೆ ಸಂಜೆಯವರೆಗೂ ಮನಸ್ಸು ಚುಚ್ಚುತ್ತದೆ. ಇನ್ನೊಬ್ಬರು “ನಿಮ್ಮ ಸರಳತೆ ನೋಡಿ ಕಲೀಬೇಕು” ಎಂದರೆ ಒಳಗೊಳಗೇ ಹಿಗ್ಗುತ್ತೀರಿ. ಎರಡೂ ಒಂದೇ ಕಾಯಿಲೆಯೇ ಎಂದು ಕೇಳಿದ್ದೀರಿ. ಮನೆಯವರು ಜೊತೆಗೂಡುತ್ತಿಲ್ಲ ಎಂಬ ಬೇಸರವನ್ನೂ, ಕಾರನ್ನು ಮತ್ತೆ ಕೊಳ್ಳಬೇಕೇ ಎಂಬ ಅನುಮಾನವನ್ನೂ ಬರೆದಿದ್ದೀರಿ.

ಎರಡರ ಬೇರೂ ಒಂದೇ. ನೀವು ಸಾಮಾನು ಕಡಿಮೆ ಮಾಡಿದಿರಿ, ಆದರೆ ನಿಮಗೆ ಅಂಕ ಹಾಕುವ ಕೆಲಸವನ್ನು ಮೊದಲಿದ್ದವರ ಕೈಯಲ್ಲೇ ಬಿಟ್ಟಿರಿ. ಆಗ ಖಾಲಿ ಬೀರುವೂ ತೋರಿಸಿಕೊಳ್ಳುವ ವಸ್ತುವಾಗುತ್ತದೆ. ಇದು ನಿಮ್ಮೊಬ್ಬರ ದೌರ್ಬಲ್ಯವೆಂದು ದಯವಿಟ್ಟು ತಿಳಿಯಬೇಡಿ. ಸರಳತೆಯ ದಾರಿ ಹಿಡಿದ ಬಹಳಷ್ಟು ಜನ ಎಡವುವುದು ಇಲ್ಲಿಯೇ.

ಕಾರಣ ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ. ತನ್ನ ಸ್ಥಾನಮಾನ ಊರಿಗೆ ಕಾಣಲೆಂದು ಮಾಡುವ ಖರ್ಚನ್ನು ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ವಿವರವಾಗಿ ಬಿಡಿಸಿಟ್ಟಿದ್ದರು. 1976ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲವು ವಸ್ತುಗಳ ಬೆಲೆ ಇರುವುದೇ ಬೇರೆಯವರ ಬಳಿ ಅವು ಇಲ್ಲದಿರುವುದರಲ್ಲಿ ಎಂದು ತೋರಿಸಿದರು. ಎಲ್ಲರಿಗೂ ಸಿಕ್ಕ ದಿನ ಅಂಥ ವಸ್ತುವಿನ ಹೊಳಪು ಹೋಗುತ್ತದೆ, ಮುಂದಿನದನ್ನು ಹುಡುಕಬೇಕಾಗುತ್ತದೆ. ಎಷ್ಟು ಸಂಪಾದಿಸಿದರೂ ಈ ಓಟ ಮುಗಿಯದಿರುವುದು ಇದರಿಂದಲೇ.

ಸಹೋದ್ಯೋಗಿಯ ಮಾತು ಅಷ್ಟೊಂದು ಚುಚ್ಚುವುದೇಕೆ? ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅಳೆಯಲು ನೇರವಾದ ಮಾನದಂಡ ಇಲ್ಲದ ಕಡೆ ಮನುಷ್ಯ ತನ್ನನ್ನು ಇತರರೊಂದಿಗೆ ಹೋಲಿಸಿಕೊಂಡು ಅಳೆಯುತ್ತಾನೆ, ಅದರಲ್ಲೂ ತನ್ನಂತೆಯೇ ಇರುವವರೊಂದಿಗೆ. ಕೋಟ್ಯಧಿಪತಿಯ ಬಂಗಲೆ ನಮ್ಮ ನಿದ್ದೆ ಕೆಡಿಸುವುದಿಲ್ಲ, ಪಕ್ಕದ ಮೇಜಿನವರ ಫೋನು ಕೆಡಿಸುತ್ತದೆ. ಈ ಸೂತ್ರದಲ್ಲೇ ದಾರಿಯೂ ಇದೆ. ನೇರವಾಗಿ ಅಳೆಯಬಹುದಾದ ಕೆಲಸಗಳು ಬದುಕಿನಲ್ಲಿ ಹೆಚ್ಚಿದಷ್ಟೂ ಹೋಲಿಕೆಯ ಹಸಿವು ಕಡಿಮೆಯಾಗುತ್ತದೆ.

ಒಂದು ಚಾಕು ಹರಿತ ಮಾಡುವುದನ್ನೇ ನೋಡಿ. ಸಾವಿರ ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ನಯದ ಅಳತೆ), ನೆನೆಸಿ ಬಳಸುವ ಸಾಣೆಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿಡಿ. ಅಲುಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದು, ಹಿಡಿಯ ಬುಡದಿಂದ ತುದಿಯವರೆಗೂ ಕಲ್ಲಿಗೆ ತಾಗುವಂತೆ ಉಜ್ಜಿ. ಸ್ವಲ್ಪ ಹೊತ್ತಿಗೆ ಅಂಚಿನ ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಲೋಹದ ತರಿ ಎದ್ದಿರುತ್ತದೆ. ಅಂಚಿನ ಉದ್ದಕ್ಕಲ್ಲ, ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಹಗುರವಾಗಿ ಬೆರಳು ಸವರಿದರೆ ಅದು ತಾಗುತ್ತದೆ. ತರಿ ಉದ್ದಕ್ಕೂ ಎದ್ದ ಮೇಲೆ ಮಗ್ಗುಲು ಬದಲಿಸಿ ಅಷ್ಟೇ ಉಜ್ಜಿ, ಕೊನೆಗೆ ಒತ್ತಡ ಇಳಿಸುತ್ತಾ ಒಂದೊಂದು ಬದಿಗೆ ಒಂದೊಂದು ಸಲ ಎಳೆಯಿರಿ. ತರಿ ಏಳುವ ಮೊದಲೇ ಮಗ್ಗುಲು ಬದಲಿಸಿದರೆ ಹರಿತ ಬರುವುದಿಲ್ಲ, ಓರೆ ಪ್ರತಿ ಎಳೆತಕ್ಕೂ ಬದಲಾದರೆ ಅಂಚು ದುಂಡಗಾಗುತ್ತದೆ. ಸರಿಯಾಯಿತೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಿಲ್ಲ. ಒಂದು ಹಾಳೆಯನ್ನು ಎತ್ತಿ ಹಿಡಿದು ಕತ್ತರಿಸಿದರೆ ಉತ್ತರ ಅಲ್ಲಿಯೇ ಇದೆ. ಹೊಲಿಗೆ, ಸಂಗೀತದ ಅಭ್ಯಾಸ, ಗಿಡ ಬೆಳೆಸುವುದು, ಲೆಕ್ಕದ ಸಮಸ್ಯೆ ಬಿಡಿಸುವುದು, ಇವುಗಳಲ್ಲೆಲ್ಲ ಈ ಗುಣವಿದೆ. ವಾರಕ್ಕೆ ಮೂರ್ನಾಲ್ಕು ಗಂಟೆ ಇಂಥ ಒಂದು ಕೆಲಸಕ್ಕೆ ಕೊಡಿ. ಒಂದು ಷರತ್ತು: ಮೊದಲ ಮೂರು ತಿಂಗಳು ಅದರ ಫೋಟೋ ಯಾರಿಗೂ ಕಳಿಸಬೇಡಿ. ಮೆಚ್ಚುಗೆ ಬೇಗ ಬಂದುಬಿಟ್ಟರೆ ಗಮನ ಕೆಲಸದಿಂದ ಮೆಚ್ಚುಗೆಯತ್ತ ಜಾರುತ್ತದೆ.

ಇನ್ನು ವಸ್ತುಗಳ ವಿಷಯ. ಎಸೆಯುವುದರಿಂದ ಆರಂಭಿಸಿದ್ದು ನಿಮ್ಮ ಕ್ರಮದಲ್ಲಾದ ತಪ್ಪು. ಎಸೆಯುವಾಗ ಸಿಗುವ ಹಗುರ ಕೆಲವು ವಾರಗಳದ್ದು, ಆಮೇಲೆ ಖಾಲಿ ಜಾಗ ಮತ್ತೆ ಕರೆಯತೊಡಗುತ್ತದೆ. ಮೊದಲು ಒಳಬರುವ ಬಾಗಿಲಿಗೆ ಕಾವಲು ಹಾಕಬೇಕು. ಒಂದು ನೋಟ್‌ಬುಕ್ಕಿನಲ್ಲಿ ಕೊಳ್ಳಬೇಕೆನಿಸಿದ ವಸ್ತು, ಅಂದಿನ ದಿನಾಂಕ, ಆಸೆ ಹುಟ್ಟಿದ ಸಂದರ್ಭ ಬರೆಯಿರಿ. ಸಂದರ್ಭ ಬರೆಯದಿದ್ದರೆ ಪಟ್ಟಿಯಿಂದ ಪ್ರಯೋಜನವಿಲ್ಲ. ಯಾರದೋ ಸಮಾರಂಭದಿಂದ ಬಂದ ರಾತ್ರಿ, ಫೋನು ತಿರುವುತ್ತಿದ್ದ ಹೊತ್ತು, ಕೆಲಸದಲ್ಲಿ ಅವಮಾನವಾದ ದಿನ: ಹೀಗೆ ಆಸೆಗಳು ಎಲ್ಲಿಂದ ಬರುತ್ತವೆ ಎಂಬುದು ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುತ್ತದೆ. ಬರೆದು ಮೂವತ್ತು ದಿನ ಕಳೆದ ಮೇಲೂ ಬೇಕೆನಿಸಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನನ್ನ ಬಳಿ ಇದೆಯೆಂದು ಯಾರಿಗೂ ಎಂದೂ ಗೊತ್ತಾಗುವುದಿಲ್ಲ ಎಂದಾದರೆ, ಆಗಲೂ ಕೊಳ್ಳುತ್ತೇನೆಯೇ? ಹೌದಾದರೆ ಸಂಕೋಚವಿಲ್ಲದೆ ಕೊಳ್ಳಿ. ಒಳ್ಳೆಯ ಹಾಸಿಗೆ, ಕಾಲಿಗೆ ಹಿತವಾದ ಚಪ್ಪಲಿ, ಕಣ್ಣಿಗೆ ಸರಿಹೊಂದುವ ದೀಪ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತವೆ.

ಬೆಲೆಯನ್ನು ಹಣದಲ್ಲಲ್ಲ, ಗಂಟೆಗಳಲ್ಲಿ ಲೆಕ್ಕ ಹಾಕಿ. ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ 200 ಗಂಟೆ. ಓಡಾಟಕ್ಕೆ ದಿನಕ್ಕೆರಡು ಗಂಟೆ ಸೇರಿದರೆ 250. ಕೈಗೆ ಬರುವ ಸಂಬಳದಲ್ಲಿ ಓಡಾಟದ ಖರ್ಚು ಕಳೆದು, ಉಳಿದದ್ದನ್ನು 250ರಿಂದ ಭಾಗಿಸಿ. ನಿಮ್ಮ ಒಂದು ಗಂಟೆಯ ನಿಜವಾದ ಬೆಲೆ ಅದು. ಹಾಗೆ ಉಳಿಯುವ ಎರಡು ತಿಂಗಳ ಹಣಕ್ಕೆ ಸಮನಾದ ವಸ್ತುವೆಂದರೆ 500 ಗಂಟೆಗಳ ಬದುಕು. ವರ್ಷಕ್ಕೆ 100 ಗಂಟೆಯಂತೆ ಐದು ವರ್ಷ ಬಳಸಿದರೆ, ಬಳಸಿದ ಪ್ರತಿ ಗಂಟೆಗೂ ಒಂದು ಗಂಟೆ ದುಡಿದಂತಾಯಿತು. ರಿಪೇರಿ, ವಿಮೆ, ಒರೆಸಿ ಜೋಪಾನ ಮಾಡುವ ಹೊತ್ತು ಇದಕ್ಕೆ ಬೇರೆಯೇ. ಲೆಕ್ಕ ಕಣ್ಣೆದುರಿದ್ದರೆ ಬೇಡವೆನ್ನಲು ವೈರಾಗ್ಯ ಬೇಕಾಗುವುದಿಲ್ಲ.

ಎಲ್ಲಿ ಕಡಿಮೆ ಮಾಡಬಾರದು ಎಂಬುದನ್ನೂ ಒತ್ತಿ ಹೇಳಬೇಕು. ಹೊಸ ವಸ್ತುವಿಗೆ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ 1971ರಲ್ಲಿ ಇದನ್ನು ಟ್ರೆಡ್‌ಮಿಲ್‌ನ ಓಟವೆಂದರು. ಆದರೆ ನಿದ್ದೆಗೇಡಿಗೆ, ದಿನನಿತ್ಯದ ದೂರದ ಪ್ರಯಾಣಕ್ಕೆ, ಬಿಡದೆ ಕಾಡುವ ಗದ್ದಲಕ್ಕೆ ಮನಸ್ಸು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಉಳಿದ ಹಣವನ್ನು ಇವುಗಳನ್ನು ತಗ್ಗಿಸಲು ಬಳಸಿ. ಕೆಲಸದ ಜಾಗಕ್ಕೆ ಹತ್ತಿರದ ಚಿಕ್ಕ ಮನೆ, ದೂರದ ದೊಡ್ಡ ಮನೆಗಿಂತ ಹೆಚ್ಚು ಕಾಲ ಸುಖ ಕೊಡುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಷ್ಟಕಾಲಕ್ಕೆಂದು ಆರು ತಿಂಗಳ ಖರ್ಚು, ಆರೋಗ್ಯ ವಿಮೆ, ಹಲ್ಲು-ಕಣ್ಣಿನ ಚಿಕಿತ್ಸೆ ಇವನ್ನು ಕಡಿತ ಮಾಡುವುದು ಸರಳತೆಯಲ್ಲ. ನಾಳೆಯ ಚಿಂತೆ ಇದ್ದವರಿಗೆ ಇಂದಿನ ತೃಪ್ತಿ ರುಚಿಸುವುದಿಲ್ಲ.

ಈಗ ಫೋನಿನ ಮಾತಿಗೆ ಬರೋಣ. ಜನ ನಮ್ಮನ್ನು ಗಮನಿಸುವುದು ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರು ಎಣಿಸಿದರು. ನಿಜವಾಗಿ ಗುರುತಿಸಿದವರು ಹೆಚ್ಚುಕಡಿಮೆ ಕಾಲು ಭಾಗ. ನಿಮ್ಮ ಸಹೋದ್ಯೋಗಿ ಆ ಮಾತನ್ನು ಮಧ್ಯಾಹ್ನದ ಹೊತ್ತಿಗೆ ಮರೆತಿರುತ್ತಾರೆ. ಉತ್ತರವನ್ನು ಮಾತ್ರ ಮೊದಲೇ ಸಿದ್ಧವಾಗಿಟ್ಟುಕೊಳ್ಳಿ: “ಹೌದು, ಚೆನ್ನಾಗಿ ಕೆಲಸ ಮಾಡ್ತಿದೆ.” ಅಷ್ಟಕ್ಕೆ ನಿಲ್ಲಿಸಿ. ಸರಳತೆಯ ಕುರಿತು ವಿವರಣೆ ಶುರು ಮಾಡಿದಿರೋ, ಅವರ ಒಪ್ಪಿಗೆ ಬೇಡಿದಂತೆಯೇ. ಹೊಗಳಿಕೆಗೂ ಅಷ್ಟೇ, ಒಂದು “ಥ್ಯಾಂಕ್ಸ್” ಸಾಕು.

ಹಿಗ್ಗಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಮೆಚ್ಚುಗೆಯ ಆಸೆ ಪೂರ್ತಿ ಒಣಗುವಂಥದ್ದಲ್ಲ, ಒಣಗಿಸಲು ಹೊರಟವರು ಒರಟಾಗುವುದೇ ಹೆಚ್ಚು. ಆಗಬೇಕಾದದ್ದು, ಯಾರ ಮೆಚ್ಚುಗೆ ಬೇಕೆನಿಸುತ್ತದೋ ಆ ವಲಯ ಚಿಕ್ಕದಾಗುವುದು. ನಿಮ್ಮ ತಪ್ಪನ್ನು ಮುಖಕ್ಕೆ ಹೇಳಬಲ್ಲ, ನಿಮ್ಮ ಏಳಿಗೆಯಿಂದ ಲಾಭವೂ ಸೋಲಿನಿಂದ ಸಂತೋಷವೂ ಇಲ್ಲದ ಮೂರೋ ನಾಲ್ಕೋ ಜನರ ಹೆಸರು ಬರೆದಿಟ್ಟುಕೊಳ್ಳಿ. ಅವರ ಅಭಿಪ್ರಾಯಕ್ಕೆ ತೂಕ ಕೊಡಿ, ಉಳಿದವರದ್ದಕ್ಕೆ ಸೌಜನ್ಯ ಸಾಕು.

ಮನೆಯವರ ಮೇಲೆ ಸರಳತೆ ಹೇರಬೇಡಿ. ಅವರ ಪಾಲಿಗೆ ಅದು ಸರಳತೆಯಲ್ಲ, ಕೊರತೆ. ಕೂಡಿ ಮಾಡುವ ಖರ್ಚನ್ನು ಕೂತು ಮಾತಾಡಿ ನಿರ್ಧರಿಸಿ. ಅದರಾಚೆ ಪ್ರತಿಯೊಬ್ಬರಿಗೂ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಮೊತ್ತವಿರಲಿ. ಹರೆಯದ ಮಕ್ಕಳಿಗೆ ಗೆಳೆಯರ ನಡುವೆ ಬೆರೆಯುವುದು ನಿಜವಾದ ಅಗತ್ಯ, ಅದನ್ನು ಚಪಲವೆಂದು ಗದರಬೇಡಿ. ನಿಮ್ಮ ಬಟ್ಟೆ, ನಿಮ್ಮ ಫೋನು, ನಿಮ್ಮ ಬಿಡುವು: ನಿಮ್ಮ ಅಧಿಕಾರ ಅಲ್ಲಿಗೆ ಮುಗಿಯುತ್ತದೆ.

ಕೊನೆಗೆ ಕಾರು. ಇದನ್ನು ತತ್ತ್ವದ ಪ್ರಶ್ನೆ ಮಾಡಿಕೊಳ್ಳಬೇಡಿ. ಎರಡು ತಿಂಗಳು, ಕಾರಿಲ್ಲದೆ ನಿಜಕ್ಕೂ ತೊಡಕಾದ ಪ್ರತಿ ಸಂದರ್ಭವನ್ನೂ ಗುರುತು ಹಾಕಿ: ಎಲ್ಲಿಗೆ, ಎಷ್ಟು ದೂರ, ಯಾರ ಜೊತೆ, ಬಾಡಿಗೆ ಗಾಡಿಯಲ್ಲಿ ಹೋಗಬಹುದಿತ್ತೇ. ನಾಚಿಕೆಯಾದ ಸಂದರ್ಭಗಳನ್ನು ಬೇರೆ ಪುಟದಲ್ಲಿ ಬರೆಯಿರಿ, ಎಣಿಸುವಾಗ ಆ ಪುಟ ತೆರೆಯಬೇಡಿ. ಬಾಡಿಗೆಯ ಒಟ್ಟು ಖರ್ಚು ಕಾರಿನ ಕಂತು, ವಿಮೆ, ಇಂಧನ, ರಿಪೇರಿಗಿಂತ ಕಡಿಮೆಯಾದರೆ, ತೊಡಕುಗಳೂ ಸಹಿಸುವಷ್ಟೇ ಇದ್ದರೆ ಕಾರು ಬೇಡ. ವಯಸ್ಸಾದವರನ್ನು ಅಪರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕಾಗುವಂಥ ಪರಿಸ್ಥಿತಿ ಮನೆಯಲ್ಲಿದ್ದರೆ ಕೊಳ್ಳಿ. ಎಷ್ಟು ಜನ ಕೂರಬೇಕು, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಬಹುದು ಎಂಬುದನ್ನು ಶೋರೂಮಿಗೆ ಕಾಲಿಡುವ ಮೊದಲೇ ಬರೆದುಕೊಂಡು ಹೋಗಿ.

— ಸಂಪಾದಕರು