ವಕೀಲರನ್ನು ಕೇಳಿ: ನಮ್ಮ ಫೋಟೋ, ನಮ್ಮ ಫೋನು, ದೂರದ ಡಬ್ಲಿನ್

ಪ್ರಶ್ನೆ: ನಮಸ್ಕಾರ ವಕೀಲರೇ. ಮಗ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಫೇಸ್‌ಬುಕ್‌ಗೆ ದಂಡ ಹಾಕಿದರು, ಟಿಕ್‌ಟಾಕ್‌ಗೆ ದಂಡ ಹಾಕಿದರು ಅಂತ ಫೋನಿನಲ್ಲಿ ಹೇಳುತ್ತಿರುತ್ತಾನೆ. ಬೇರೆ ದೇಶದ ಕಂಪನಿಗೆ ಐರ್ಲೆಂಡ್ ಯಾಕೆ ದಂಡ ಹಾಕಬೇಕು? ತೋಟ ಮಾಡಿಕೊಂಡಿರುವ ನಮಗೆ ಅದರಿಂದ ಏನು?
– ಓದುಗರು, ಶಿರಸಿ

ಉತ್ತರ: ಈ ಕಂಪನಿಗಳ ಯುರೋಪಿನ ಮುಖ್ಯ ಕಚೇರಿ ಇರುವುದೇ ಡಬ್ಲಿನ್‌ನಲ್ಲಿ. ಅದಕ್ಕೇ ಇವುಗಳ ಮೇಲೆ ಕಣ್ಣಿಡುವ ಮುಖ್ಯ ಜವಾಬ್ದಾರಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗದ ಮೇಲೆ ಬಿದ್ದಿದೆ. ನಮಗೇನು ಅಂದಿರಲ್ಲ, ಒಂದು ವಿಷಯ ಹೇಳುತ್ತೇನೆ. 2018ಕ್ಕೆ ಮೊದಲಿನ ವರ್ಷಗಳಲ್ಲಿ ನೀವು ಶಿರಸಿಯಲ್ಲಿ ಕೂತು ಫೇಸ್‌ಬುಕ್ ಖಾತೆ ತೆರೆದಿದ್ದರೆ ನಿಮ್ಮ ಕರಾರು ಆಗಿದ್ದು ಐರ್ಲೆಂಡಿನ ಫೇಸ್‌ಬುಕ್ ಕಂಪನಿ ಜೊತೆ. ಅಮೆರಿಕ, ಕೆನಡಾ ಬಿಟ್ಟು ಎಲ್ಲರಿಗೂ ಹಾಗೇ ಇತ್ತು. 2018ರ ಮೇ 25ಕ್ಕೆ ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬರುವುದಿತ್ತು ನೋಡಿ, ಅದೇ ಹೊತ್ತಿಗೆ ನಮ್ಮಂಥ ದೇಶದವರನ್ನೆಲ್ಲ ಅಲ್ಲಿಂದ ತೆಗೆದು ಅಮೆರಿಕದ ಕಂಪನಿ ಕೆಳಗೆ ಹಾಕಿದರು. ಯಾರೂ ನಮ್ಮನ್ನು ಕೇಳಲಿಲ್ಲ. ನನಗೆ ಇವತ್ತಿಗೂ ಇದು ಸಿಟ್ಟು ಬರಿಸುವ ಸಂಗತಿ.

ಇನ್ನು ದಂಡದ ಕಥೆ. 2011ರಲ್ಲಿ ಮ್ಯಾಕ್ಸ್ ಶ್ರೆಮ್ಸ್ ಅನ್ನುವ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಫೇಸ್‌ಬುಕ್‌ಗೆ ಬರೆದು ಕೇಳಿದ: ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ, ಕೊಡಿ. ಬಂದದ್ದು 1,200ಕ್ಕೂ ಹೆಚ್ಚು ಪುಟ. ಅಳಿಸಿ ಹಾಕಿದ್ದೇನೆ ಅಂದುಕೊಂಡಿದ್ದ ಮೆಸೇಜುಗಳೂ ಅದರಲ್ಲಿದ್ದವು! ಅವನು ಐರ್ಲೆಂಡಿನಲ್ಲಿ ದೂರು ಕೊಟ್ಟ. ಕೇಸು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ಯುರೋಪಿನವರ ಮಾಹಿತಿ ಅಮೆರಿಕಕ್ಕೆ ಹೋಗಲು ಇದ್ದ ಏರ್ಪಾಡು 2015ರಲ್ಲಿ ಬಿತ್ತು, ಮತ್ತೊಂದು ಮಾಡಿದರು, 2020ರಲ್ಲಿ ಅದೂ ಬಿತ್ತು. ಕೊನೆಗೆ 2023ರ ಮೇನಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ. ನಮ್ಮ ಲೆಕ್ಕದಲ್ಲಿ 10,000 ಕೋಟಿ ರೂಪಾಯಿಗೂ ಜಾಸ್ತಿ. ಕಂಪನಿ ಇದರ ಮೇಲೆ ಅಪೀಲು ಹೋಗಿದೆ. ಮಾಹಿತಿ ಅಮೆರಿಕಕ್ಕೆ ಹೋಗುವ ಬಗ್ಗೆ ಅವನು ದೂರು ಕೊಟ್ಟದ್ದು 2013ರಲ್ಲಿ, ಅಂದರೆ ಹತ್ತು ವರ್ಷ ಹಿಡಿಯಿತು. ಐರ್ಲೆಂಡಿನ ಆಯೋಗ ನಿಧಾನ ಅನ್ನುವ ಟೀಕೆ ಯುರೋಪಿನಲ್ಲೇ ಇದೆ, ಅದು ಸರಿಯಾದ ಟೀಕೆ ಅಂತಲೇ ನನ್ನ ಅಭಿಪ್ರಾಯ. ಆದರೆ ಇಷ್ಟಕ್ಕೆಲ್ಲ ಕಾರಣ ಒಬ್ಬ ಹುಡುಗ ಬರೆದ ಕಾಗದ. ನಿಮ್ಮ ಮಗನಿಗೆ ಹೇಳಿ, ಅಲ್ಲಿರುವಾಗ ಅವನಿಗೂ ಆ ಹಕ್ಕಿದೆ, ಬೇಕಾದರೆ ಇವತ್ತೇ ಬರೆದು ಕೇಳಬಹುದು.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ತೆಗೆದಳು. ಟ್ಯೂಷನ್‌ನವರು ನಮ್ಮನ್ನು ಕೇಳದೆ ಅವಳ ಫೋಟೋ, ಹೆಸರು, ಊರು ಎಲ್ಲ ಹಾಕಿ ಬ್ಯಾನರ್ ಕಟ್ಟಿದರು. ಇನ್‌ಸ್ಟಾಗ್ರಾಮ್‌ನಲ್ಲೂ ಹಾಕಿದ್ದಾರೆ. ಈಗ ಯಾರ್ಯಾರೋ ಅವಳಿಗೆ ಮೆಸೇಜು ಮಾಡುತ್ತಿದ್ದಾರೆ. ತೆಗೆಯಿರಿ ಅಂದರೆ ‘ಹೆಮ್ಮೆ ಪಡಬೇಕು ಅಕ್ಕಾ’ ಅನ್ನುತ್ತಾರೆ. ಏನು ಮಾಡಲಿ?
– ತಾಯಿ, ಕುಮಟಾ

ಉತ್ತರ: ಅಕ್ಕಾ, ಬಾಯಲ್ಲಿ ಹೇಳಿದ್ದು ಸಾಕು. ಈಗ ಕಾಗದದಲ್ಲಿ ಬರೆಯಿರಿ. ದೊಡ್ಡ ಭಾಷೆ ಏನೂ ಬೇಡ: ‘ನನ್ನ ಮಗಳು 18 ತುಂಬದವಳು. ಅವಳ ಫೋಟೋ, ಹೆಸರು, ಊರು ಬಳಸಲು ನಾವು ಒಪ್ಪಿಗೆ ಕೊಟ್ಟಿಲ್ಲ. ಈ ಕಾಗದ ಮುಟ್ಟಿದ ಮೂರು ದಿನದೊಳಗೆ ಬ್ಯಾನರ್ ಇಳಿಸಿ, ಪೋಸ್ಟ್ ಅಳಿಸಿ, ಅಳಿಸಿದ್ದನ್ನು ಬರೆದು ತಿಳಿಸಿ.’ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಅವರ ಸೀಲು, ಸಹಿ ತೆಗೆದುಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಮತ್ತು ಲಿಂಕ್ ಬರೆದಿಡಿ, ಬ್ಯಾನರಿನ ಫೋಟೋ ಹೊಡೆದುಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮದಂತೆ ಅವರಿಗೊಬ್ಬ ದೂರು ಅಧಿಕಾರಿ ಇರಲೇಬೇಕು, ಅಲ್ಲಿಗೂ ಬರೆಯಿರಿ. ಮೆಸೇಜು ಮಾಡುವವರು ಅಸಭ್ಯವಾಗಿ ಬರೆದರೆ ಒಂದನ್ನೂ ಅಳಿಸಬೇಡಿ, ಹಾಗೇ ಇಟ್ಟುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18ರೊಳಗಿನ ಮಕ್ಕಳ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ನಿಯಮ ಪ್ರಕಟಿಸುವಾಗ ಇಂಥ ಮುಖ್ಯ ಭಾಗಗಳಿಗೆ 18 ತಿಂಗಳ ಅವಕಾಶ ಕೊಟ್ಟರು. ಇಷ್ಟು ತಡ ಯಾಕೆ ಬೇಕಿತ್ತು? 13ರಿಂದ 17ರ ಮಕ್ಕಳು ಬಿಸಿನೆಸ್ ಖಾತೆ ತೆರೆದಾಗ ಅವರ ಫೋನ್ ನಂಬರು, ಇಮೇಲ್ ಎಲ್ಲರಿಗೂ ಕಾಣುವಂತೆ ಬಿಟ್ಟದ್ದಕ್ಕೆ ಇದೇ ಇನ್‌ಸ್ಟಾಗ್ರಾಮ್‌ಗೆ ಐರ್ಲೆಂಡ್ 2022ರಲ್ಲಿ 40.5 ಕೋಟಿ ಯೂರೋ ದಂಡ ಹಾಕಿತ್ತು. ಅಲ್ಲಿನ ಮಕ್ಕಳೂ ನಿಮ್ಮ ಮಗಳೂ ಒಂದೇ ಪ್ರಾಯದವರು.

ಪ್ರಶ್ನೆ: ನಾನು ಯಾರ್ಯಾರಿಗೆ ಫೋನ್ ಮಾಡಿದೆ ಅನ್ನುವ ಲೆಕ್ಕ ಎಲ್ಲೋ ಉಳಿದಿರುತ್ತದಂತೆ, ಹೌದಾ?
– ಬೋಟಿನವರು, ಅಂಕೋಲಾ

ಉತ್ತರ: ಹೌದು. ಪೊಲೀಸರು ಸಿಡಿಆರ್ ಅನ್ನುತ್ತಾರಲ್ಲ, ಅದೇ. ಕಂಪನಿಗಳು ಕಡಿಮೆಯೆಂದರೂ ಎರಡು ವರ್ಷ ಇಡಬೇಕು ಅಂತ 2021ರ ಕೊನೆಗೆ ನಮ್ಮಲ್ಲಿ ಆದೇಶವಾಗಿದೆ. ಯುರೋಪಿನಲ್ಲೂ ಇಂಥದೇ ಇತ್ತು, ಆರು ತಿಂಗಳಿಂದ ಎರಡು ವರ್ಷ ಇಡಬೇಕು ಅಂತ. ಡಿಜಿಟಲ್ ರೈಟ್ಸ್ ಐರ್ಲೆಂಡ್ ಅನ್ನುವ ಸಣ್ಣ ಸಂಘಟನೆ ಕೋರ್ಟಿಗೆ ಹೋಯಿತು. ಏನೂ ತಪ್ಪು ಮಾಡದ ಕೋಟ್ಯಂತರ ಜನರ ಲೆಕ್ಕ ಸುಮ್ನೆ ಇಟ್ಟುಕೊಳ್ಳುವುದು ಅತಿಯಾಯಿತು ಎಂದು 2014ರ ಏಪ್ರಿಲ್ 8ರಂದು ಯುರೋಪಿನ ನ್ಯಾಯಾಲಯ ಆ ನಿರ್ದೇಶನವನ್ನೇ ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಅದು.

ಪ್ರಶ್ನೆ: ಊರಿನ ಸುದ್ದಿ ಹಾಕುವ ಒಂದು ಪೇಜ್ ನಡೆಸುತ್ತೇನೆ. ರಸ್ತೆ ಕಾಮಗಾರಿ ಬಗ್ಗೆ ವಿಡಿಯೋ ಹಾಕಿದ್ದಕ್ಕೆ ಒಬ್ಬರು ಮಾನನಷ್ಟ ಕೇಸು ಹಾಕುತ್ತೇನೆ, 66ಎ ಹಾಕಿಸುತ್ತೇನೆ ಅಂತ ಹೆದರಿಸುತ್ತಿದ್ದಾರೆ. ಅಳಿಸಲಾ?
– ಯುವಕ, ಕಾರವಾರ

ಉತ್ತರ: ಅಳಿಸುವ ಮೊದಲು ಉಸಿರು ತೆಗೆದುಕೊ ತಮ್ಮಾ. ಆನ್‌ಲೈನ್‌ನಲ್ಲಿ ಬೇರೆಯವರಿಗೆ ನೋವಾಗುವಂಥದ್ದು ಹಾಕಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮು ಈಗ ಇಲ್ಲ. 2015ರ ಮಾರ್ಚ್ 24ರಂದೇ ಸುಪ್ರೀಂ ಕೋರ್ಟು ಅದನ್ನು ತೆಗೆದು ಹಾಕಿದೆ. ಮಾನನಷ್ಟದ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅದು ಇನ್ನೂ ಅಪರಾಧವೇ, ಎರಡು ವರ್ಷದ ತನಕ ಶಿಕ್ಷೆ ಇದೆ. ಐರ್ಲೆಂಡ್ 2009ರ ಕಾಯ್ದೆಯಲ್ಲಿ ಅದನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ಮಾತಿಗೆ ಪರಿಹಾರ ಕೇಳಬಹುದು, ಜೈಲು ಕೇಳುವಂತಿಲ್ಲ. ನಮ್ಮಲ್ಲೂ ಹಾಗಾಗಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ.

ಹೇಳಿದ್ದು ಸತ್ಯ, ಮತ್ತು ಜನರ ಒಳಿತಿಗೆ ಹೇಳಿದ್ದು ಅಂತಾದರೆ ಆ ಕಲಮಿನಲ್ಲೇ ನಿನಗೆ ರಕ್ಷಣೆ ಇದೆ. ಅದಕ್ಕೇ ಮೂಲ ವಿಡಿಯೋವನ್ನು ಕತ್ತರಿಸದೆ ಇಡು, ಶೂಟ್ ಮಾಡಿದ ಫೋನನ್ನು ಮಾರಬೇಡ. ಕೋರ್ಟಿನಲ್ಲಿ ಅದಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ಕಡೆಯವರ ಮಾತನ್ನೂ ಕೇಳಿ ಹಾಕು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಒಂದೇ ವಿಡಿಯೋ ನನಗೆ ಮೂರು ಕಡೆಯಿಂದ ಬಂತು. ಗಂಗಾವಳಿ ದಂಡೆ ಅಂತ ಬರೆದಿತ್ತು. ನಿಲ್ಲಿಸಿ ನೋಡಿದರೆ ಮೂಲೆಯಲ್ಲಿದ್ದ ಅಂಗಡಿಯ ಬೋರ್ಡು ಪೂರ್ತಿ ಹಿಂದಿ. ಮನೆಯವರು ಎಲ್ಲಿದ್ದಾರೆ ಅಂತ ಹುಡುಕುತ್ತಿದ್ದವರ ಫೋನಿಗೂ ಅದು ಹೋಗಿರುತ್ತದೆ ಅಲ್ವಾ? ನೀನು ಅಂಥವನಾಗಬೇಡ, ಅಷ್ಟೇ.

ಪ್ರಶ್ನೆ: ಪ್ರತಿ ಸಲ ‘ಬರೆಯಿರಿ, ಕೇಳಿ’ ಅನ್ನುತ್ತೀರಿ. ಕೇಳಿದರೆ ಏನಾದರೂ ಬದಲಾಗುತ್ತದಾ?
– ನರ್ಸಿಂಗ್ ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ತಂಗಿ, ಸವಿತಾ ಹಾಲಪ್ಪನವರ್ ಹೆಸರು ಕೇಳಿದ್ದೀಯಾ? ಬೆಳಗಾವಿಯ ಮನೆಯ ಮಗಳು, ಹಲ್ಲಿನ ಡಾಕ್ಟರು, 31 ವರ್ಷ. 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ 17 ವಾರದ ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ, ಕೇಳಿಕೊಂಡರೂ ಗರ್ಭಪಾತ ಮಾಡಲಿಲ್ಲ. ಮಗುವಿನ ಎದೆಬಡಿತ ಇನ್ನೂ ಇತ್ತು, ಅಲ್ಲಿನ ಕಾನೂನು ಅಡ್ಡ ಬಂತು. ರಕ್ತಕ್ಕೆ ಸೋಂಕು ಏರಿ ಅಕ್ಟೋಬರ್ 28ಕ್ಕೆ ತೀರಿಕೊಂಡಳು. ಗಂಡ ಪತ್ರಿಕೆಯವರ ಹತ್ತಿರ ಮಾತಾಡಿದ. ನವೆಂಬರ್ 14ಕ್ಕೆ ಐರಿಷ್ ಟೈಮ್ಸ್‌ನಲ್ಲಿ ಸುದ್ದಿ ಬಂತು, ಜನ ಬೀದಿಗೆ ಬಂದರು.

2018ರಲ್ಲಿ ಆ ಕಾನೂನಿನ ಮೇಲೆ ಜನಮತ. ಹೊರದೇಶದ ದುಡ್ಡಿನಿಂದ ಫೇಸ್‌ಬುಕ್ ಜಾಹೀರಾತು ಬರುತ್ತಿದೆ ಅನ್ನುವ ಅನುಮಾನ ಎದ್ದಾಗ ಸಾಮಾನ್ಯ ಜನರೇ ತಮ್ಮ ಕಂಪ್ಯೂಟರಿನಲ್ಲಿ ಕಂಡ ಜಾಹೀರಾತುಗಳನ್ನು ದಾಖಲು ಮಾಡಿ ಒಟ್ಟು ಹಾಕಿದರು. ಮೇ 8ಕ್ಕೆ ಫೇಸ್‌ಬುಕ್ ಹೊರದೇಶದ ಜಾಹೀರಾತು ನಿಲ್ಲಿಸಿತು, ಮರುದಿನ ಗೂಗಲ್ ಈ ವಿಷಯದ ಎಲ್ಲ ಜಾಹೀರಾತನ್ನೂ ನಿಲ್ಲಿಸಿತು. ಮೇ 25ಕ್ಕೆ ಮತದಾನ ಆಯಿತು. 66.4 ಶೇಕಡಾ ಜನ ಬದಲಾಗಲಿ ಅಂದರು. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾಳ ದೊಡ್ಡ ಚಿತ್ರ ಬರೆದಿದ್ದರು, ನಗುತ್ತಿರುವ ಮುಖ. ಅವತ್ತು ಮತ್ತು ಮರುದಿನ ಜನ ಬಂದು ಅದರ ಸುತ್ತ ಸಣ್ಣ ಸಣ್ಣ ಚೀಟಿ ಅಂಟಿಸಿ ಹೋದರು. ಎಷ್ಟೋ ಚೀಟಿಗಳಲ್ಲಿ ‘ಕ್ಷಮಿಸು’ ಅಂತಿತ್ತು.