ಎಲಚಿ ಗಿಡದ ಆ ಗೂಡು ಟಸರ್ ಪತಂಗದ್ದು

ನಂದಿಬೆಟ್ಟದ ತಪ್ಪಲಿನ ಎಲಚಿ ಗಿಡದಲ್ಲಿ ತೊಟ್ಟಿನ ತುದಿಗೆ ಮೊಟ್ಟೆಯಂತೆ ಜೋತಾಡುತ್ತಿದ್ದ ಗಟ್ಟಿ ಗೂಡು ರೇಷ್ಮೆಹುಳುವಿನದೇ ಎಂದು ಕೇಳಿದ್ದೀರಿ. ಅದು ರೇಷ್ಮೆಯ ಗೂಡೇ, ಆದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ಹುಳುವಿನದಲ್ಲ. ಕಾಡಿನ ಟಸರ್ ಪತಂಗದ್ದು. ನೀವು ವರ್ಣಿಸಿದ ತೊಟ್ಟೇ ಅದರ ಗುರುತು: ಹುಳು ಮೊದಲು ಕೊಂಬೆಗೆ ಉಂಗುರದಂತೆ ರೇಷ್ಮೆ ಸುತ್ತಿ, ಅಲ್ಲಿಂದ ಗಟ್ಟಿ ತೊಟ್ಟೊಂದನ್ನು ಇಳಿಬಿಟ್ಟು, ಅದರ ತುದಿಯಲ್ಲಿ ಗೂಡು ಕಟ್ಟುತ್ತದೆ. ಹಣ್ಣಾದ ಮೇಲೆ ಚಂದ್ರಿಕೆ ಎಂಬ ತಟ್ಟೆಯಲ್ಲಿ ಗೂಡು ಕಟ್ಟುವ ನಮ್ಮ ಸಾಕುಹುಳುವಿಗೆ ಈ ವಿದ್ಯೆ ಬಾರದು.

ಎಲಚಿಯಲ್ಲದೆ ಮತ್ತಿ, ಹೊಳೆಮತ್ತಿ ಎಲೆಗಳನ್ನೂ ತಿನ್ನುವ ಈ ಹಸಿರು ಹುಳುವಿನ ಪಕ್ಕೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಚುಕ್ಕೆಗಳಿರುತ್ತವೆ. ಸಾಕಣೆದಾರರು ಜ್ವರ ಎನ್ನುವ ಪೊರೆ ಕಳಚುವಿಕೆ ಇದಕ್ಕೂ ನಾಲ್ಕು ಬಾರಿ ಆಗುತ್ತದೆ. ಒಣ ತಿಂಗಳುಗಳನ್ನು ಗೂಡಿನೊಳಗೆ ಕೋಶವಾಗಿಯೇ (ಹುಳು ಪತಂಗವಾಗುವ ನಡುವಿನ ಹಂತ) ಕಳೆದು, ಮಳೆ ಹಿಡಿದ ಮೇಲೆ ಒಂದು ಸಂಜೆ ದ್ರವವೊಂದನ್ನು ಸ್ರವಿಸಿ, ಗೂಡಿನ ತುದಿಯನ್ನು ಮೆದುಮಾಡಿಕೊಂಡು ಪತಂಗ ಹೊರಬರುತ್ತದೆ. ಹೆಣ್ಣು ಸಾಮಾನ್ಯವಾಗಿ ಹಳದಿ, ಗಂಡು ಕೆಂಗಂದು. ಎರಡಕ್ಕೂ ನಾಲ್ಕು ರೆಕ್ಕೆಗಳಲ್ಲಿ ಒಂದೊಂದು ದುಂಡನೆಯ ಪಾರದರ್ಶಕ ಕಣ್ಣು, ಗಾಜು ಕೂರಿಸಿದ ಕಿಟಕಿಯಂತೆ. ತಿನ್ನಲು ಬಾಯಿಯೇ ಬೆಳೆದಿರದ ಕಾರಣ ಅದು ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿಯಲ್ಲೇ ಸುಮಾರು ಒಂದು ವಾರ ಬದುಕಿ, ಅಷ್ಟರಲ್ಲೇ ಮೊಟ್ಟೆಯಿಡುತ್ತದೆ.

ಗೂಡಿನ ತುದಿ ತೂತಾಗಿರದೆ, ಅಲುಗಿಸಿದರೆ ಒಳಗೆ ಭಾರ ಹೊರಳಿದಂತಾದರೆ ಕೋಶ ಇನ್ನೂ ಒಳಗಿದೆ. ಕಿತ್ತು ತಂದಿದ್ದರೆ ಕೊಂಬೆಸಹಿತ ಅದೇ ಗಿಡಕ್ಕೆ ಕಟ್ಟಿಬಿಡಿ.